ಕಂಡಿಕೆಯ ಕೆಂಪು ನೂಲು

ಬೆಟಗೇರಿಯ ನಮ್ಮ ಓಣಿಯಲ್ಲಿ ಬೆಕ್ಕಿಗೆ ಸೂಜಿ ಹಾಕಿಸುವವಳು ನಾನೊಬ್ಬಳೇ. ಎಮ್ಮೆಗೆ, ಎತ್ತಿಗೆ ಸೂಜಿ ಎಂದರೆ ಯಾರೂ ತಿರುಗಿ ನೋಡುವುದಿಲ್ಲ. ಬೆಕ್ಕನ್ನು ಬುಟ್ಟಿಯಲ್ಲಿಟ್ಟು, ಮೇಲೆ ಹಳೆಯ ಟವೆಲ್ ಬಿಗಿದು, ಗಂಡನ ಸ್ಕೂಟರಿನ ಹಿಂದೆ ಕೂತು ದವಾಖಾನೆಗೆ ಹೊರಟೆನೆಂದರೆ ಮಾತ್ರ ಕಟ್ಟೆಯ ಮೇಲಿದ್ದವರಿಗೆಲ್ಲ ನಗು. "ಏನವಾ, ಬೆಕ್ಕಿನ ಬಾಣಂತನಾ ಏನ?" ಎಂದು ಎದುರು ಮನೆಯವಳು ಒಮ್ಮೆ ಕೇಳಿದಳು. "ಹೂಂ, ನಿಮ್ಮ ಮನಿ ಇಲಿ ಎಲ್ಲಾ ತಿಂದು ಬಸರಾಗೈತಿ," ಎಂದೆ. ಆಮೇಲೆ ಆಕೆ ಕೇಳಲಿಲ್ಲ.

ನನ್ನ ತವರು ಶಿರಹಟ್ಟಿ. ಚಿಕ್ಕವಳಿದ್ದಾಗ ನಮ್ಮ ಹಿತ್ತಲಿನ ನಾಯಿಗೆ ಹುಚ್ಚು ಹಿಡಿದಿತ್ತು. ನೀರಿನ ಬೋಗುಣಿ ಮುಂದಿಟ್ಟರೆ ಅದು ಗೋಡೆಗೆ ಬೆನ್ನು ಒತ್ತಿಕೊಂಡು, ನಮ್ಮ ಗುರುತೇ ಇಲ್ಲದವರ ಹಾಗೆ ನಮ್ಮನ್ನು ನೋಡುತ್ತಿತ್ತು. ಆ ನೋಟ ನಾನು ಮರೆತಿಲ್ಲ. ಮನೆಯಲ್ಲಿ ಪ್ರಾಣಿ ಇದ್ದರೆ ಹೊತ್ತಿಗೆ ಸರಿಯಾಗಿ ಸೂಜಿ, ಹೊತ್ತಿಗೆ ಸರಿಯಾಗಿ ಜಂತಿನ ಔಷಧ. ಈ ವಿಷಯದಲ್ಲಿ ನಾನು ಗಂಡನ ಮಾತನ್ನೂ ಕೇಳುವುದಿಲ್ಲ.

ಬೆಕ್ಕು ನನ್ನದಲ್ಲ, ಅತ್ತೆಯದು. ಬೂದಿ ಬಣ್ಣದ್ದು, ಮೈಗಿಂತ ಬಾಲವೇ ದಪ್ಪ. ನಮ್ಮ ಒಳಕೋಣೆಯಲ್ಲಿ ಕುಣಿಮಗ್ಗ ಇದೆ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ಅತ್ತೆ ಸೀರೆ ನೇಯುತ್ತಿದ್ದರು. ಮಾವನಿಗೆ ಮಂಡಿನೋವು, ಕಣ್ಣೂ ಮಂಜು. ಕುಣಿಗಿಳಿಯಲಾಗದೆ ಅವರು ಪಡಸಾಲೆಯಲ್ಲಿ ಕೂತು ಕಂಡಿಕೆ ಎಂಬ ಪುಟ್ಟ ಕೊಳವೆಗೆ ನೂಲು ಸುತ್ತಿ ಕೊಡುತ್ತಿದ್ದರು. ಅತ್ತೆ ಅದನ್ನು ಲಾಳಿಗೆ ಹಾಕಿ, ಲಾಳಿಯನ್ನು ಎಡಕ್ಕೂ ಬಲಕ್ಕೂ ಓಡಿಸುತ್ತಿದ್ದರು. ಬೆಕ್ಕು ಕುಣಿಯ ಅಂಚಿನಲ್ಲಿ ಕೂತು ಲಾಳಿಯ ಜೊತೆ ತಲೆ ತಿರುಗಿಸುತ್ತಿತ್ತು. ಎಡಕ್ಕೆ, ಬಲಕ್ಕೆ. ನೋಡುತ್ತಾ ನಿಂತರೆ ನಮಗೇ ಕತ್ತು ನೋಯುತ್ತಿತ್ತು.

ಒಂದು ಸಲ ಸೂಜಿ ಹಾಕಿಸಲು ಹೋದಾಗ ಡಾಕ್ಟರಮ್ಮ, ಮುಂಡರಗಿ ಕಡೆಯ ಚಿಕ್ಕ ವಯಸ್ಸಿನ ಹುಡುಗಿ, ಮನೆ ಎಲ್ಲಿ ಎಂದು ಕೇಳಿದರು. ಬೆಟಗೇರಿ ಎಂದೆ.

"ಮನ್ಯಾಗ ಮಗ್ಗ ಐತೇನ್ರಿ?"

"ಐತ್ರಿ."

"ಹಂಗಿದ್ರ ಒಂದ್ ಮಾತು ನೆನಪಿಟ್ಕೋರಿ. ಬೆಕ್ಕಿನ ಬಾಯಾಗಿಂದ ನೂಲು ಜೋತಾಡಾಕತ್ತಿತ್ತು ಅಂದ್ರ ಎಳೀಬ್ಯಾಡ್ರಿ. ಒಳಗ ಎಲ್ಲಿ ಸಿಕ್ಕೊಂಡಿರತೈತೋ ಗೊತ್ತಾಗಂಗಿಲ್ಲ, ಎಳದ್ರ ಕರಳು ಹರೀತೈತಿ. ಸ್ವಲ್ಪ ತುದಿ ಬಿಟ್ಟು ಕತ್ತರಿಸಿ ಹಂಗ ತಗೊಂಡ್ ಬರ್ರಿ."

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ನಕ್ಕರು. "ನನ್ನ ಕೈಯಾಗ ಲಾಳಿ ಇರೂ ತನಕ ಅದು ನೂಲಿಗೆ ಬಾಯಿ ಹಾಕಂಗಿಲ್ಲ ಬಿಡು." ಅದು ನಿಜವೇ. ಬೆಕ್ಕು ನೂಲಿನ ಕಡೆ ಮೂಗು ಚಾಚಿದರೆ ಸಾಕು, ಅತ್ತೆ ಲಾಳಿಯ ತುದಿಯಿಂದ ಮೆಲ್ಲಗೆ ತಟ್ಟುತ್ತಿದ್ದರು, ಅದು ಕಣ್ಣು ಮುಚ್ಚಿ ಹಿಂದೆ ಸರಿಯುತ್ತಿತ್ತು.

ಆ ಚಳಿಗಾಲದಲ್ಲಿ ಅತ್ತೆ ತೀರಿಕೊಂಡರು. ಮಧ್ಯಾಹ್ನ ಎದೆ ಹಿಡಿದಂತಾಗುತ್ತದೆ ಎಂದು ಮಗ್ಗದಿಂದ ಎದ್ದು ಬಂದು ಮಲಗಿದವರು ಏಳಲಿಲ್ಲ. ಮಗ್ಗದ ಮೇಲೆ ಕೆಂಪು ಸೀರೆ ಅರ್ಧಕ್ಕೆ ನಿಂತಿತ್ತು. ಕಾರ್ಯವೆಲ್ಲ ಮುಗಿದ ಮೇಲೆ ನನ್ನ ಗಂಡ ಅದನ್ನು ಬೇರೆಯವರಿಂದ ನೇಯಿಸೋಣ ಎಂದರು. ಮಾವ ಒಪ್ಪಲಿಲ್ಲ. ಲಾಳಿ ಇದ್ದಲ್ಲೇ ಇರಲಿ, ಯಾರೂ ಮುಟ್ಟಬೇಡಿ ಎಂದರು. ಕೋಣೆಯ ಬಾಗಿಲು ಮುಂದಕ್ಕೆಳೆದು, ಒಂದು ಗೇಣು ಸಂದಿ ಮಾತ್ರ ಬಿಟ್ಟರು.

ಸದ್ದು ಶುರುವಾದದ್ದು ಅದಾದ ಕೆಲವು ದಿನಕ್ಕೆ. ಗಂಡ ಗದಗಿನ ಪ್ರೆಸ್ಸಿಗೆ ಕೆಲಸಕ್ಕೆ ಹೋಗಿದ್ದರು. ಊಟ ಮುಗಿಸಿ ನಾನು ಜೋಳ ಹಸನು ಮಾಡುತ್ತಾ ಕೂತಿದ್ದೆ. ಒಳಕೋಣೆಯಿಂದ 'ಟಕ್' ಎಂದಿತು. ಸ್ವಲ್ಪ ಬಿಟ್ಟು ಮತ್ತೆ, 'ಟಕ್, ಟಕ್'. ಕಟ್ಟಿಗೆಗೆ ಕಟ್ಟಿಗೆ ತಾಗುವ ಸದ್ದು. ಮದುವೆಯಾದಾಗಿನಿಂದ ಕಿವಿಗೆ ಬಿದ್ದ ಸದ್ದು ಅದು, ಗುರುತು ಹಿಡಿಯದಿರಲು ಸಾಧ್ಯವೇ ಇರಲಿಲ್ಲ. ಕೈಯಲ್ಲಿದ್ದ ಮೊರ ಹಾಗೇ ನಿಂತಿತು.

ಎದ್ದು ಬಾಗಿಲು ತಳ್ಳಿದೆ. ಸದ್ದು ನಿಂತಿತು. ಕೋಣೆಯಲ್ಲಿ ಯಾರೂ ಇರಲಿಲ್ಲ. ಲಾಳಿ ಎಡತುದಿಯಲ್ಲಿ ಇತ್ತೆಂದು ನನಗೆ ಚೆನ್ನಾಗಿ ನೆನಪಿತ್ತು, ಈಗ ಅದು ನಡುವೆ ಬಂದು ಓರೆಯಾಗಿ ಬಿದ್ದಿತ್ತು. ಹತ್ತಿರ ಹೋಗಿ ಬಗ್ಗಿ ನೋಡಿದೆ. ತುಂಬಿದ್ದ ಕಂಡಿಕೆ ಅರ್ಧ ಖಾಲಿಯಾಗಿತ್ತು. ಸೀರೆ ಮಾತ್ರ ಒಂದು ಎಳೆಯಷ್ಟೂ ಬೆಳೆದಿರಲಿಲ್ಲ. ನೂಲು ಎಲ್ಲಿ ಹೋಯಿತು? ಅತ್ತೆಯ ಕಾಲುಗಳು ಇರುತ್ತಿದ್ದ ಆ ಕುಣಿಯ ಕತ್ತಲೆಯೊಳಗೆ ನೋಡುವ ಧೈರ್ಯ ನನಗೆ ಬರಲಿಲ್ಲ, ಹಿಂದೆ ಹಿಂದೆ ನಡೆದೇ ಹೊರಗೆ ಬಂದೆ.

ಮಾವನಿಗೆ ಹೇಳಬಾರದು ಎಂದುಕೊಂಡಿದ್ದೆ. ಅವರಿಗೆ ಆಗಲೇ ಗೊತ್ತಿತ್ತು.

"ನಿನಗೂ ಕೇಳಿಸ್ತಾ ಯವ್ವಾ?" ಎಂದರು. ಅವರ ಮುಖದಲ್ಲಿ ಹೆದರಿಕೆ ಇರಲಿಲ್ಲ, ಅದೇ ನನ್ನನ್ನು ಹೆಚ್ಚು ಹೆದರಿಸಿತು. "ಅರ್ಧಾ ಬಿಟ್ಟು ಹೋಗಾಕಿ ಅಲ್ಲ ಆಕಿ. ಮುಗಸಾಕ ಬಂದಾಳ."

"ಸೀರಿ ಬೆಳದಿಲ್ಲಲ್ರಿ ಮಾವಾರ."

"ಹೋದವರು ನೇಯೂದು ನಮ್ಮ ಕಣ್ಣಿಗೆ ಕಾಣತೈತೇನು?"

ಮರುದಿನ ಮಾವ ಮೂಲೆಯಲ್ಲಿದ್ದ ಚರಕವನ್ನು ಒರೆಸಿ ಮುಂದಿಟ್ಟುಕೊಂಡರು. ಮನೆಯಲ್ಲಿ ಹಳೆಯ ನೂಲು ಮುಗಿದಿತ್ತು, ಪೇಟೆಯಿಂದ ಕೆಂಪು ನೂಲಿನ ಹೊಸ ಲಡಿ ತರಿಸಿ ಕಂಡಿಕೆ ಸುತ್ತಿದರು. ಅರ್ಧ ಖಾಲಿಯಾಗಿದ್ದುದನ್ನು ತೆಗೆದು ತುಂಬಿದ್ದನ್ನು ಲಾಳಿಗೆ ಹಾಕಿ, ಪಕ್ಕದಲ್ಲಿ ಒಂದು ಕಪ್ ಚಹಾ ಇಟ್ಟು ಬಂದರು. ಎರಡು ದಿನಕ್ಕೊಮ್ಮೆಯೋ ಮೂರು ದಿನಕ್ಕೊಮ್ಮೆಯೋ ಆ ಕಂಡಿಕೆಯೂ ಖಾಲಿಯಾಗುತ್ತಿತ್ತು, ಅವರು ಮತ್ತೆ ಸುತ್ತುತ್ತಿದ್ದರು. ಅತ್ತೆ ಹೋದ ಮೇಲೆ ತಾಟಿನ ಮುಂದೆ ಸುಮ್ಮನೆ ಕೂರುತ್ತಿದ್ದವರು ಈಗ ಎರಡು ರೊಟ್ಟಿ ತಿನ್ನತೊಡಗಿದ್ದರು. ಗಂಡ ನನ್ನ ಕಿವಿಯಲ್ಲಿ, "ಇರಲಿ ಬಿಡು, ಊಟರೆ ಮಾಡಾಕತ್ತಾರ," ಎಂದರು. ನಾನೂ ಬಿಟ್ಟೆ. ಆದರೆ ಮಧ್ಯಾಹ್ನವಾದರೆ ಸಾಕು, ಕೆಲಸವಿರಲಿ ಬಿಡಲಿ, ಹಿತ್ತಲಿಗೆ ಹೋಗಿ ಕೂರುತ್ತಿದ್ದೆ.

ಇತ್ತ ಬೆಕ್ಕು ಇಳಿದುಹೋಗುತ್ತಿತ್ತು. ಹಾಲಿನ ಮುಂದೆ ಬಂದು ಕೂರುವುದು, ನಾಲಿಗೆ ಸವರಿಕೊಳ್ಳುವುದು, ಕುಡಿಯದೆ ಎದ್ದು ಹೋಗುವುದು. ಬಿಳಿ ನೊರೆ ಕಾರಿಕೊಂಡಿತು. ಬೆನ್ನು ಮೇಲೆತ್ತಿ ಗೋಡೆಯ ಕಡೆ ಮುಖ ಮಾಡಿ ಕೂತರೆ ಗಂಟೆಗಟ್ಟಲೆ ಅಲುಗುತ್ತಿರಲಿಲ್ಲ. ಕರೆದರೆ ತಿರುಗಿ ನೋಡುತ್ತಿತ್ತು. ಆ ನೋಟದಲ್ಲಿ ನಾನು ಯಾರೆಂಬ ಗುರುತೇ ಇರಲಿಲ್ಲ. ಶಿರಹಟ್ಟಿಯ ಹಿತ್ತಲು ನೆನಪಾಯಿತು. ಆದರೆ ಹುಚ್ಚಿನ ಸೂಜಿ ಹಾಕಿಸಿದ್ದೆ, ಜಂತಿನ ಔಷಧವನ್ನೂ ಕೊಟ್ಟಿದ್ದೆ. ಹಾಗಾದರೆ ಇದೇನು?

ಎದುರು ಮನೆಯವಳಿಗೆ ಉತ್ತರ ಸಿದ್ಧವಿತ್ತು. "ಒಯ್ಯಾಕತ್ತಾಳವಾ ಅದನ್ನ. ಅಷ್ಟು ಹಚ್ಚಿಕೊಂಡಿತ್ತು, ಬಿಟ್ಟು ಹ್ಯಾಂಗ ಹೋದಾಳು? ಮಠದಿಂದ ಅಂಗಾರ ತಂದು ಹಚ್ಚು." ಅಂಗಾರವನ್ನೂ ತಂದು ಹಚ್ಚಿದೆ, ನಾನೇನು ಅಷ್ಟು ಧೈರ್ಯವಂತೆಯಲ್ಲ. ಬೆಕ್ಕು ಅದನ್ನು ನೆಕ್ಕಿಕೊಳ್ಳಲೂ ಇಲ್ಲ. ಮೈ ನೆಕ್ಕಿಕೊಳ್ಳದ ಬೆಕ್ಕನ್ನು ನಾನು ಅದೇ ಮೊದಲು ನೋಡಿದ್ದು.

ನಾಳೆ ದವಾಖಾನೆಗೆ ಒಯ್ಯುತ್ತೇನೆ ಎಂದೆ. ಮಾವ ತಡೆದರು.

"ಒಯ್ಯಬ್ಯಾಡ. ಮಧ್ಯಾಹ್ನ ಅದು ಆಕಿ ಕೂಡ ಇರತೈತಿ. ದಿನಾ ಒಳಗ ಹೋಗತೈತಿ, ನಾ ನೋಡೇನಿ. ಅದೂ ಇಲ್ಲಂದ್ರ ಆಕಿ ಬರಂಗಿಲ್ಲ."

"ಸಾಯಾಕತ್ತೈತ್ರಿ ಅದು!"

ಅವರು ಕಂಡಿಕೆ ಸುತ್ತುತ್ತಲೇ ಇದ್ದರು.

ನನಗೆ ಸಿಟ್ಟು ಬಂತು. ಮಾವನ ಮೇಲಲ್ಲ, ಸತ್ತ ಅತ್ತೆಯ ಮೇಲೆ. ಇದ್ದಾಗ ಒಂದು ದಿನವೂ ಎದುರು ಮಾತಾಡಿದವಳಲ್ಲ ನಾನು. ಮರುದಿನ ಸದ್ದು ಶುರುವಾಗುವುದನ್ನೇ ಕಾದು, 'ಟಕ್' ಎಂದ ಕೂಡಲೇ ಬಾಗಿಲು ತಳ್ಳಿ ಒಳಗೆ ನುಗ್ಗಿದೆ.

"ಅತ್ತಿ, ನಿಮ್ಮ ಸೀರಿ ನೀವು ಎಷ್ಟಾದ್ರೂ ನೇಯ್ಕೋರಿ. ಮಾವ ಚಹಾ ಇಡ್ತಾರ, ಕುಡೀರಿ. ಬೆಕ್ಕು ಬಿಡ್ರಿ! ಅದು ಏನು ಮಾಡೈತಿ ನಿಮಗ?"

ಲಾಳಿ ನನ್ನ ಕಣ್ಣೆದುರೇ ಅಲುಗಿತು. ಯಾರ ಕೈಯೂ ಇಲ್ಲದೆ ಅದು ಒಂದಿಷ್ಟು ಸರಿದು ಕಟ್ಟಿಗೆಗೆ ಬಡಿಯಿತು. ಲಾಳಿಯ ತೂತಿನಿಂದ ಕೆಂಪು ನೂಲೊಂದು ಬಿಗಿಯಾಗಿ ಕೆಳಗಿಳಿದಿತ್ತು, ಕುಣಿಯ ಕತ್ತಲೆಯೊಳಕ್ಕೆ. ಬೈದಾಗಿತ್ತು, ಇನ್ನು ಓಡಿಹೋಗಲು ಮನಸ್ಸು ಒಪ್ಪಲಿಲ್ಲ. ನೆಲದ ಮೇಲೆ ಕೈಯೂರಿ ಬಗ್ಗಿ ನೋಡಿದೆ.

ಕುಣಿಯ ತಳದಲ್ಲಿ ಕೆಂಪು ನೂಲಿನ ಗೂಡು. ಅದರ ನಡುವೆ ಬೆಕ್ಕು. ನೂಲು ಅದರ ಬಾಯೊಳಕ್ಕೆ ಹೋಗಿತ್ತು. ಅದು ತಲೆ ಹಿಂದಕ್ಕೆ ಎಳೆದುಕೊಂಡು ನುಂಗಿತು. ಮೇಲೆ ಲಾಳಿ 'ಟಕ್' ಎಂದಿತು.

ನನ್ನ ಕೂಗಿಗೆ ಮಾವ ಗೋಡೆ ಹಿಡಿದುಕೊಂಡು ಬಂದರು. ಅಷ್ಟರಲ್ಲಿ ನಾನು ಬೆಕ್ಕನ್ನು ಎತ್ತಿ ಕುಣಿಯ ಅಂಚಿಗೆ ತಂದಿದ್ದೆ. ನೂಲು ಕಂಡದ್ದೇ ತಡ ಅವರ ಕೈ ತಾನಾಗಿಯೇ ಮುಂದೆ ಬಂತು. ಸಡಿಲ ನೂಲು ಕಂಡರೆ ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು ಎಳೆದು ಸರಿಮಾಡುವುದು ನೇಕಾರರ ಕೈಗೆ ಉಸಿರಾಡಿದಷ್ಟು ಸಹಜ. ನೂಲು ಅವರ ಬೆರಳಿಗೆ ಸಿಕ್ಕೇಬಿಟ್ಟಿತು.

"ಮಾವಾ! ಕೈ ಬಿಡ್ರಿ!"

ಆ ಮನೆಯಲ್ಲಿ ಮಾವನ ಮೇಲೆ ನಾನು ದನಿ ಎತ್ತಿದ್ದು ಅದೊಂದೇ ಸಲ. ಅವರ ಬೆರಳು ಸಡಿಲವಾಯಿತು. ಅತ್ತೆಯ ಕತ್ತರಿ ಮಗ್ಗದ ಗೂಟಕ್ಕೇ ನೇತಾಡುತ್ತಿತ್ತು. ನಾಲ್ಕು ಬೆರಳಿನಷ್ಟು ತುದಿ ಬಿಟ್ಟು ನೂಲು ಕತ್ತರಿಸಿದೆ, ಬೆಕ್ಕನ್ನು ಬುಟ್ಟಿಗೆ ಹಾಕಿದೆ. ಗಂಡನನ್ನು ಕಾಯಲು ಹೊತ್ತಿರಲಿಲ್ಲ, ಆಟೋ ಕರೆದೆ. ಮಾವ ತಾವೂ ಹತ್ತಿ ಕೂತರು.

ಡಾಕ್ಟರಮ್ಮ ಬೆಕ್ಕಿನ ಹೊಟ್ಟೆ ಒತ್ತಿ ನೋಡಿದರು, ಬಾಯಿ ತೆರೆದು ನೋಡಿದರು. ಕೊಯ್ಯಬೇಕು, ಉಳಿಯುತ್ತದೆಂದು ಮಾತು ಕೊಡಲಾರೆ ಎಂದರು. ಆಮೇಲೆ ಮಾವನ ಕಡೆ ತಿರುಗಿ ಸಮಾಧಾನದ ದನಿಯಲ್ಲಿ ಹೇಳಿದರು. "ಅದು ಬೇಕಂತ ನುಂಗಿದ್ದಲ್ಲರಿ ಅಜ್ಜಾರ. ಬೆಕ್ಕಿನ ನಾಲಿಗಿ ಮ್ಯಾಲ ಸಣ್ಣ ಸಣ್ಣ ಮುಳ್ಳು ಇರತಾವು, ಎಲ್ಲಾ ಒಳಗಡೆ ಬಾಗಿದ್ದು. ನೂಲು ಒಮ್ಮೆ ಹತ್ತಿತು ಅಂದ್ರ ಉಗುಳಾಕ ಬರಂಗಿಲ್ಲ. ನುಂಗಕೋತ ಹೋಗೂದೊಂದ ದಾರಿ."

ಹೊರಗಿನ ಬಾಕಿನ ಮೇಲೆ ನಾವಿಬ್ಬರೂ ಕೂತೆವು. ಬೆಕ್ಕು ಸತ್ತರೆ ಮಾವ ಇದನ್ನು ಹೇಗೆ ತಡೆದುಕೊಳ್ಳುತ್ತಾರೆ ಎಂಬುದೊಂದೇ ನನ್ನ ತಲೆಯಲ್ಲಿ ತಿರುಗುತ್ತಿತ್ತು. ಬಹಳ ಹೊತ್ತಿನ ಮೇಲೆ ಡಾಕ್ಟರಮ್ಮ ಹೊರಗೆ ಬಂದು, ಉಸಿರಾಟ ಸರಿಯಾಗಿದೆ, ಕರುಳು ಹರಿದಿಲ್ಲ, ಯಾರೂ ಎಳೆಯದಿದ್ದದ್ದು ಒಳ್ಳೆಯದಾಯಿತು ಎಂದರು. ಅವರ ಕೈಯ ಸ್ಟೀಲಿನ ಬಟ್ಟಲಲ್ಲಿ ತೊಳೆದ ನೂಲಿತ್ತು. ಮಾವ ಅದನ್ನು ಕೇಳಿ ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದರು. ಮಂಜುಗಣ್ಣಾದರೇನು, ಬೆರಳಿಗೆ ಗೊತ್ತಾಗುತ್ತಿತ್ತು. ಒಂದು ಚಿಕ್ಕ ತುಂಡನ್ನು ಬೇರೆ ಮಾಡಿ, "ಇದು ಆಕಿ ಬಿಟ್ಟು ಹೋದದ್ದು," ಎಂದರು. ಉಳಿದ ದೊಡ್ಡ ಗಂಟನ್ನು ತೋರಿಸಿ, "ಇದೆಲ್ಲಾ ನಾ ಸುತ್ತಿಕೊಟ್ಟದ್ದು," ಎಂದರು.

ಅತ್ತೆ ಸತ್ತ ದಿನ ಅಳದಿದ್ದವರು ಆ ಬಾಕಿನ ಮೇಲೆ ಕೂತು ಅತ್ತರು. ನಾನು ಅವರ ಬೆನ್ನ ಮೇಲೆ ಕೈಯಿಟ್ಟೆ.

ಬೆಕ್ಕು ಮನೆಗೆ ಬರುವ ಹೊತ್ತಿಗೆ ಮಾವ ಮಗ್ಗವನ್ನು ಖಾಲಿ ಮಾಡಿದ್ದರು. ಹಾಸಿನ ನೂಲನ್ನೆಲ್ಲ ತಾವೇ ಕತ್ತರಿಸಿ, ಅರ್ಧ ಸೀರೆಯನ್ನು ಮಡಿಸಿ ಟ್ರಂಕಿನಲ್ಲಿಟ್ಟು, ಕುಣಿ ಗುಡಿಸಲು ನನ್ನನ್ನು ಕರೆದರು. ಕಂಡಿಕೆ, ಲಡಿ ಎಲ್ಲ ಬಿಗಿ ಮುಚ್ಚಳದ ಡಬ್ಬಿಗೆ ಹೋದವು. ಡಾಕ್ಟರಮ್ಮ ಹೇಳಿದ ಹಾಗೆ ಸೂಜಿ, ದಾರ, ಹೂವಿನ ದಾರ ಕೂಡ ಈಗ ನಮ್ಮ ಮನೆಯಲ್ಲಿ ಹೊರಗೆ ಬೀಳುವುದಿಲ್ಲ. ಮಧ್ಯಾಹ್ನದ ಸದ್ದು ನಿಂತಿತು. ಅದು ಬೆಕ್ಕಿನದೇ ಸದ್ದೆಂದು ಗೊತ್ತಿದ್ದೂ ಆ ಹೊತ್ತಿಗೆ ನನ್ನ ಕಿವಿ ಒಳಕೋಣೆಯ ಕಡೆಗೇ ಇರುತ್ತಿತ್ತು.

ಬೆಕ್ಕಿಗೆ ಮೈ ತುಂಬಿಕೊಂಡಿತು. ಹೊಟ್ಟೆಯ ಮೇಲಿನ ಕೂದಲು ಮತ್ತೆ ಬೆಳೆಯಿತು. ಆಗಲೇ ಅದು ಮೊದಲಿನ ಹಾಗೆ ಮಧ್ಯಾಹ್ನ ಒಳಕೋಣೆಗೆ ಹೋಗಲು ಶುರುಮಾಡಿದ್ದು. ನೂಲು ಏನಾದರೂ ಉಳಿದಿದೆಯೇ ಎಂದು ಗಾಬರಿಯಾಗಿ ನಾನು ಹಿಂದೆಯೇ ಓಡಿದೆ. ಏನೂ ಇರಲಿಲ್ಲ. ಬರೀ ಮರದ ಚೌಕಟ್ಟು, ಗುಡಿಸಿದ ಕುಣಿ. ಬೆಕ್ಕು ಅಂಚಿನಲ್ಲಿ, ತನ್ನ ಹಳೆಯ ಜಾಗದಲ್ಲಿ ಕೂತಿತ್ತು. ತಲೆ ಎಡಕ್ಕೆ ತಿರುಗುತ್ತಿತ್ತು, ಬಲಕ್ಕೆ ತಿರುಗುತ್ತಿತ್ತು. ಮತ್ತೆ ಎಡಕ್ಕೆ. ನಡುನಡುವೆ, ಮೂಗಿಗೆ ಏನೋ ತಟ್ಟಿದಂತೆ, ಕಣ್ಣು ಮುಚ್ಚಿ ಹಿಂದೆ ಸರಿಯುತ್ತಿತ್ತು.

ಮುಂದಿನ ಸಲ ಸೂಜಿಗೆ ಹೋದಾಗ ಕಣ್ಣು, ಕಿವಿ ಎಲ್ಲ ನೋಡಿರಿ ಎಂದು ಡಾಕ್ಟರಮ್ಮನಿಗೆ ಹೇಳಿದೆ. ಅವರು ಬ್ಯಾಟರಿ ಹಿಡಿದು ನೋಡಿದರು. "ಎಲ್ಲಾ ಸರಿ ಐತ್ರಿ. ಅದಕ್ಕ ಕಾಣೂ ಸಣ್ಣ ಹುಳಾ ನಮಗ ಕಾಣಂಗಿಲ್ಲ, ಅಷ್ಟ," ಎಂದರು. ಕಲಿತವರ ಮಾತು, ನಾನು ನಂಬುತ್ತೇನೆ. ಮಾವನಿಗೂ ಅದನ್ನೇ ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದೆ.

ಮಾವ ಎರಡು ಕಪ್ ಚಹಾ ಹಿಡಿದು ಬಾಗಿಲಲ್ಲೇ ನಿಂತಿದ್ದರು.

"ಏನಂದ್ರು ಡಾಕ್ಟರು?"

"ಎಲ್ಲಾ ಸರಿ ಐತಿ ಅಂದ್ರು ನೋಡ್ರಿ."

"ಹಂಗಾದ್ರ ಜಲ್ದಿ ಬಿಡು ಅದನ್ನ," ಎಂದರು. "ಹೊತ್ತಾತು. ಆಕಿ ಕುಂತಿರತಾಳ."

ನಾನು ಬುಟ್ಟಿಯ ಟವೆಲ್ ಬಿಚ್ಚಿದೆ.