ಮೇಲಿನ ನಾಲ್ಕು ಸಾಲು

ಸತ್ಯವೇದವನ್ನು ಹೇಗೆ ಓದಬೇಕೆಂದು ಹಾನಗಲ್, ಸವಣೂರು, ಶಿಗ್ಗಾಂವಿ, ಹಿರೇಕೆರೂರು ಕಡೆಯ ಹಳ್ಳಿಗಳಲ್ಲಿ ನಾನು ಹನ್ನೆರಡು ವರ್ಷ ಕಲಿಸಿದೆ. ಹೇಗೆ ಓದಬಾರದೆಂಬುದನ್ನು ಒಂದೇ ಸಲ, ಶಿಗ್ಗಾಂವಿಯ ಬಸ್ ನಿಲ್ದಾಣದಲ್ಲಿ ನಿಂತು ನಾನೇ ಮಾಡಿದೆ. ಕಲಿಸಿದ್ದನ್ನು ಜನ ಎಂದೋ ಮರೆತಿರಬೇಕು. ಮಾಡಿದ್ದನ್ನು ಮರೆಯಲು ನನಗೆ ಈವರೆಗೆ ಆಗಿಲ್ಲ.

ಐವತ್ತರ ದಶಕದ ನಡುವಿನ ಮಾತು. ನಾನು ಉಪದೇಶಿ. ಪಾದ್ರಿಗಳು ಬರಲಾಗದ ಹಳ್ಳಿಗಳಿಗೆ ಸೈಕಲ್ ತುಳಿದುಕೊಂಡು ಹೋಗಿ, ಅಲ್ಲಿದ್ದ ಒಂದೆರಡು ಕ್ರೈಸ್ತ ಮನೆಗಳವರನ್ನು ಕೂಡಿಸಿ, ವಾಕ್ಯ ಓದಿ ಅರ್ಥ ಹೇಳುವುದು ನನ್ನ ಕೆಲಸ. ಹೆಂಡತಿ, ಐದು ವರ್ಷದ ಮಗಳು, ಹಾನಗಲ್ಲಿನಲ್ಲಿ ಬಾಡಿಗೆಯ ಎರಡು ಖೋಲಿ. ಮಗಳು ಆಗಲೇ ಅಕ್ಷರ ಕೂಡಿಸಿ ಓದುತ್ತಿದ್ದಳು. ಅಂಗಡಿಯ ಫಲಕವಾಗಲಿ, ಬೆಲ್ಲ ಕಟ್ಟಿಕೊಟ್ಟ ಕಾಗದವಾಗಲಿ, ಕಂಡದ್ದನ್ನೆಲ್ಲ ಗಟ್ಟಿಯಾಗಿ ಓದಿಯೇ ಮುಂದೆ ಹೋಗುವಳು. ಅದನ್ನು ನೋಡಿ ನನಗೆ ಬಲು ಹೆಮ್ಮೆ.

ನನಗೆ ಓದು ಕಲಿಸಿದ ಮುದುಕ ಪಾದ್ರಿಗಳು ಮಹಾ ಸಿಡುಕಿನವರು. ಯಾವುದಾದರೂ ಸಾಲಿನ ಅರ್ಥ ಹೇಳಲು ನಾನು ಬಾಯಿ ತೆರೆಯುವುದೇ ತಡ, ಮೊದಲು ಅದರ ಮೇಲಿನ ನಾಲ್ಕು ಸಾಲು ಓದು ಎನ್ನುತ್ತಿದ್ದರು. ಯಾರು ಯಾರಿಗೆ, ಯಾವ ಹೊತ್ತಿನಲ್ಲಿ ಹೇಳಿದ ಮಾತೆಂದು ನೋಡದೆ ಎಲ್ಲವೂ ತನಗೇ ಹೇಳಿದ್ದು ಎಂದುಕೊಳ್ಳುವವನು ಬೇರೆಯವರ ಟಪಾಲು ಒಡೆಯುವ ಕಳ್ಳ ಎಂದು ಬಯ್ಯುತ್ತಿದ್ದರು. ಮಬ್ಬಾಗಿ ಕಂಡ ಮಾತನ್ನು ಸ್ವಚ್ಛವಾಗಿ ಕಂಡ ಮಾತಿನ ಹತ್ತಿರ ಒಯ್ದು ನೋಡಬೇಕು, ಒಂದೇ ಸಾಲು ಹಿಡಿದು ಓಡಬಾರದು. ಅವರು ಕೊನೆಗೆ ಹೇಳುತ್ತಿದ್ದ ಮಾತು ಇನ್ನೊಂದಿತ್ತು: ಬೇಕಾದ ಉತ್ತರವನ್ನು ಮೊದಲೇ ಕಿಸೆಯಲ್ಲಿಟ್ಟುಕೊಂಡು ಪುಸ್ತಕ ಬಿಚ್ಚಬೇಡ. ಇದನ್ನು ನಾನು ಎಷ್ಟು ಚೆನ್ನಾಗಿ ಬಾಯಿಪಾಠ ಮಾಡಿದ್ದೆನೆಂದರೆ, ಕಲಿತೇಬಿಟ್ಟಿದ್ದೇನೆ ಎಂದು ತಿಳಿದಿದ್ದೆ.

ಹತ್ತಿಮತ್ತೂರಿನಲ್ಲಿ ಒಬ್ಬ ವಿಧವೆಯ ಮನೆಯ ಪಡಸಾಲೆಯಲ್ಲಿ ನಮ್ಮ ಕೂಟ ಸೇರುತ್ತಿತ್ತು. ಆ ಹೆಂಗಸಿನ ತವರಿನಲ್ಲಿ ಏನಾದರೂ ತೀರ್ಮಾನವಾಗದೆ ಹೋದಾಗ ಮನೆಯ ಪುರಾಣದ ಹೊತ್ತಿಗೆಯಲ್ಲಿ ಕಣ್ಣುಮುಚ್ಚಿ ಸೂಜಿ ತೂರಿಸಿ, ಸೂಜಿ ಬಿದ್ದ ಪುಟದಲ್ಲಿ ಶಕುನ ನೋಡುತ್ತಿದ್ದರಂತೆ. ದೇವರು ಬದಲಾದರೂ ಸೂಜಿ ಬದಲಾಗಿರಲಿಲ್ಲ. ಮಗಳಿಗೆ ಹಿರೇಬೆಂಡಿಗೇರಿಯಿಂದ ಒಳ್ಳೆಯ ಸಂಬಂಧ ಬಂದಾಗ ಆಕೆ ಸತ್ಯವೇದದಲ್ಲಿ ಸೂಜಿ ತೂರಿಸಿದಳು. ದ್ರಾಕ್ಷಿತೋಟ ಹಾಳುಬೀಳುವ ಪ್ರವಾದಿಯ ಮಾತು ಬಂತು. ಗಂಡಿನ ಮನೆಯವರಿಗೆ ಎಲೆಬಳ್ಳಿಯ ತೋಟವಿತ್ತು. ಅದೂ ಬಳ್ಳಿ ಇದೂ ಬಳ್ಳಿ ಎಂದು ಸಂಬಂಧ ಬೇಡವೆಂದು ಹೇಳಿ ಕಳಿಸಿದಳು.

ನನಗೆ ಮೈಯೆಲ್ಲ ಉರಿದುಹೋಯಿತು. ನೆರೆದವರೆಲ್ಲರ ಮುಂದೆ ಆಕೆಯನ್ನು ನಿಲ್ಲಿಸಿದೆ.

"ಮಗ ಕಾಗದ ಬರದ್ರ ಮೊದಲಿಂದ ಓದತೀರೋ, ನಡುವ ಸೂಜಿ ಚುಚ್ಚಿ ಓದತೀರೋ?" ಎಂದು ಕೇಳಿದೆ.

ಆಕೆ ತಲೆ ತಗ್ಗಿಸಿದಳು. ಸೂಜಿ ಇಸಿದುಕೊಂಡು ನನ್ನ ಸತ್ಯವೇದದ ರಟ್ಟಿನ ಬಟ್ಟೆಗೆ ಚುಚ್ಚಿಟ್ಟೆ. ಅದು ಅಲ್ಲೇ ಉಳಿಯಿತು. ಊರೂರಿಗೆ ಹೋದಾಗ ಅದನ್ನು ತೋರಿಸಿ ಜನರನ್ನು ನಗಿಸುತ್ತಿದ್ದೆ.

ಮುಂದಿನ ಬೇಸಿಗೆಯಲ್ಲಿ ನನ್ನ ಮಗಳಿಗೆ ಜ್ವರ ಬಂತು. ಮೂರನೆಯ ದಿನ ನಸುಕಿನಲ್ಲೇ ಕತ್ತು ಸೆಟೆದುಕೊಂಡಿತು. ಹಾನಗಲ್ಲಿನ ಡಾಕ್ಟರರು ಚೀಟಿ ಬರೆದುಕೊಟ್ಟು, ಇವತ್ತೇ ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಒಯ್ಯಿರಿ, ಅಲ್ಲಿ ಬೆನ್ನುಹುರಿಯಿಂದ ನೀರು ತೆಗೆದು ನೋಡುತ್ತಾರೆ ಎಂದರು. ಬೆನ್ನಿಗೆ ಸೂಜಿ ಹಾಕಿಸಿಕೊಂಡ ಮಕ್ಕಳು ಕುಂಟರಾಗುತ್ತಾರೆ, ಇಲ್ಲವೆ ಹೆಣವಾಗಿ ಬರುತ್ತಾರೆ ಎಂದು ಓಣಿಯವರು ಹೇಳಿದರು. ಮುಂಜಾನೆಯ ಬಸ್ಸು ಹತ್ತಿದೆವು. ಹೆಂಡತಿಯ ತೊಡೆಯ ಮೇಲೆ ಮಗು ಕಣ್ಣು ಬಿಡದೆ ಮಲಗಿತ್ತು. ಬಂಕಾಪುರ ದಾಟುವವರೆಗೂ ನನ್ನ ಕಣ್ಣ ಮುಂದೆ ಆ ಸೂಜಿಯೊಂದೇ. ಹೇಗಾದರೂ ಮಾಡಿ ಅಲ್ಲಿಗೆ ಹೋಗುವುದು ತಪ್ಪಲಿ ಎಂದು ಒಳಗೇ ಹಲುಬುತ್ತಿದ್ದೆ. ಉತ್ತರ ಆಗಲೇ ನನ್ನ ಕಿಸೆಯಲ್ಲಿತ್ತು.

ಶಿಗ್ಗಾಂವಿಯಲ್ಲಿ ಬಸ್ಸು ಚಹಾಕ್ಕೆ ನಿಂತಿತು. ನಾನು ಇಳಿದು ಬೇವಿನ ಮರದ ಹಿಂದೆ ಹೋದೆ. ಪ್ರಾರ್ಥನೆಗೆ ಮಾತು ಬರಲಿಲ್ಲ. ರಟ್ಟಿನಿಂದ ಆ ಸೂಜಿ ಕಿತ್ತು, ಕಣ್ಣು ಮುಚ್ಚಿ, ಪುಟಗಳ ನಡುವೆ ತೂರಿಸಿದೆ. ಯಾರಾದರೂ ನೋಡುತ್ತಿದ್ದಾರೆಯೇ ಎಂದು ಒಮ್ಮೆ ಅತ್ತಿತ್ತ ನೋಡಿದ್ದೂ ನೆನಪಿದೆ. ಪುಸ್ತಕ ತೆರೆದರೆ, ಮಗ ಸಾಯುತ್ತಿದ್ದಾನೆಂದು ಬೇಡಿಕೊಂಡ ಒಬ್ಬ ಅಧಿಕಾರಿಗೆ, ನೀನು ಹೋಗು, ನಿನ್ನ ಮಗ ಬದುಕುತ್ತಾನೆ ಎಂದು ಯೇಸುಸ್ವಾಮಿ ಹೇಳುವ ಸಾಲು. ಮೇಲಿನ ಸಾಲು ಓದಲಿಲ್ಲ. ಆ ಕಥೆಯ ಮೇಲೆ ನಾಲ್ಕೂ ತಾಲೂಕುಗಳಲ್ಲಿ ಉಪದೇಶ ಮಾಡಿದವನು ನಾನು, ಮೇಲೆ ಏನಿದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದುದನ್ನು ಆ ಹೊತ್ತು ಹತ್ತಿರ ಬರಗೊಡಲಿಲ್ಲ.

ಬಸ್ಸಿನ ಹತ್ತಿರ ಬಂದು, ದೇವರು ಮಾತು ಕೊಟ್ಟಿದ್ದಾನೆ, ಇಳಿ, ಹಾನಗಲ್ಲಿಗೆ ಹೋಗೋಣ ಎಂದು ಹೆಂಡತಿಗೆ ಹೇಳಿದೆ.

"ಡಾಕ್ಟರು ಇವತ್ತ ಅಂದಾರಲ್ರಿ," ಅಂದಳು.

ದೇವರಿಗಿಂತ ಡಾಕ್ಟರು ದೊಡ್ಡವರೇನು ಎಂದು ಗದರಿದೆ. ಆಕೆ ಮಗುವಿನ ಮುಖ ನೋಡಿದಳು, ನನ್ನ ಮುಖ ನೋಡಿದಳು.

"ನೀವು ಓದಿದವರದೀರಿ. ನಿಮಗ ತಿಳೀತದ," ಎಂದು ಸೆರಗಿನಲ್ಲಿ ಮಗುವನ್ನು ಮುಚ್ಚಿಕೊಂಡು ಇಳಿದಳು. ಟಿಕೀಟು ಹುಬ್ಬಳ್ಳಿಯ ತನಕ ಐತ್ರಿ ಎಂದು ಕಂಡಕ್ಟರ್ ಎರಡು ಸಲ ಹೇಳಿದ. ನಾನು ಕೇಳಿಸದವನಂತೆ ನಿಂತೆ. ಬಸ್ಸು ಹೋಯಿತು.

ಆ ಸಂಜೆ ಜ್ವರ ಸ್ವಲ್ಪ ಇಳಿದಂತೆ ಕಂಡಿತು. ಓಣಿಯವರನ್ನೆಲ್ಲ ಕರೆದು ತೋರಿಸಿದೆ. ಮರುದಿನ ಮಗುವಿಗೆ ಸೆಳೆತ ಶುರುವಾಯಿತು, ಕಣ್ಣುಗುಡ್ಡೆ ಮೇಲಾದವು. ಅದರ ಮರುದಿನ ಅದೇ ಬಸ್ಸು ಹತ್ತಿದೆವು. ಶಿಗ್ಗಾಂವಿಯಲ್ಲಿ ನಿಂತಾಗ ಹೆಂಡತಿ ಕಿಟಕಿಯ ಹೊರಗೆ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಹುಬ್ಬಳ್ಳಿಯ ಡಾಕ್ಟರರು ಚೀಟಿಯ ಮೇಲಿನ ತಾರೀಖು ನೋಡಿ, ಈ ಎರಡು ದಿನ ಎಲ್ಲಿದ್ದಿರಿ ಎಂದು ಕೇಳಿದರು.

ಮಗಳು ಬದುಕಿದಳು. ಎಂಟನೆಯ ದಿನ ಹೆಂಡತಿಯ ಕೈಯಿಂದ ಹಿತ್ತಾಳೆಯ ತಂಬಿಗೆ ಜಾರಿ ಫರಸಿಯ ಮೇಲೆ ಬಿತ್ತು. ಇಡೀ ವಾರ್ಡಿನವರು ತಿರುಗಿ ನೋಡಿದರು. ಎದ್ದು ಕುಳಿತು ಗಂಜಿ ಕುಡಿಯುತ್ತಿದ್ದ ನನ್ನ ಮಗಳು ತಿರುಗಲಿಲ್ಲ. ಹೆಂಡತಿ ತಂಬಿಗೆ ಎತ್ತಿಕೊಂಡು, ಅವಳ ಬೆನ್ನ ಹಿಂದೆ ನಿಂತು, ಇನ್ನೊಮ್ಮೆ ಬೇಕೆಂದೇ ಕೆಡವಿದಳು. ನಾನು ಹೊರಗೆ ಹೋಗಿ ಗೋಡೆಗೆ ಹಣೆ ಹಚ್ಚಿ ನಿಂತೆ. ಅವತ್ತು ಸತ್ತುಹೋಗಬೇಕೆನಿಸಿತು. ಈ ಮಾತನ್ನು ಬೇರೆ ರೀತಿ ಬರೆಯಲು ನನಗೆ ಬರುವುದಿಲ್ಲ.

ದವಾಖಾನೆಯ ಮೆಟ್ಟಿಲ ಮೇಲೆ ಕುಳಿತು ಕೊನೆಗೂ ಆ ನಾಲ್ಕು ಸಾಲು ಓದಿದೆ. ಆ ಅಧಿಕಾರಿ ಮನೆಯಲ್ಲಿ ಕೂತಿರಲಿಲ್ಲ. ಯೇಸು ಬಂದಿದ್ದಾನೆಂದು ಕೇಳಿದ ಕೂಡಲೇ ಊರು ಬಿಟ್ಟು, ಗುಡ್ಡ ಹತ್ತಿ, ಬೇರೊಂದು ಊರಿಗೆ ಹೋಗಿದ್ದ. ಗುಣಪಡಿಸುವವನ ಎದುರು ನಿಂತು, ಬೇಡಿಕೊಂಡು, ಆಮೇಲೆ ಹಿಂದಿರುಗಿದ. ನಾನು ಅರ್ಧ ದಾರಿಯಿಂದ ಹಿಂದಿರುಗಿದೆ. ಅವನಿಗೆ ಬಂದ ಟಪಾಲನ್ನು ನಾನು ಒಡೆದುಕೊಂಡಿದ್ದೆ.

ಜನರಿಗೆ ಇದೆಲ್ಲ ಗೊತ್ತಿರಲಿಲ್ಲ. ಸಾಯುವ ಮಗು ಬದುಕಿತು ಎಂಬುದೊಂದೇ ಅವರಿಗೆ ಗೊತ್ತು. ಸವಣೂರಿನಲ್ಲಿ, ಹಿರೇಕೆರೂರಿನಲ್ಲಿ ಕೂಟದ ಮುಂದೆ, ದೇವರು ಮಾಡಿದ್ದಕ್ಕೆ ಸಾಕ್ಷಿ ಹೇಳೆಂದು ನಿಲ್ಲಿಸಿದರು. ನಿಂತೆ. ದೇವರು ನನಗೆ ಮಾತು ಕೊಟ್ಟ, ಮಗಳು ಬದುಕಿದಳು ಎಂದೆ. ಬೇವಿನ ಮರ, ಸೂಜಿ, ಶಿಗ್ಗಾಂವಿ ಯಾವುದೂ ಬಾಯಿಂದ ಹೊರಡಲಿಲ್ಲ. ಹತ್ತಿಮತ್ತೂರಿನ ಹೆಂಗಸು ಮಾತ್ರ ಕೂಟ ಮುಗಿದ ಮೇಲೆ ಹತ್ತಿರ ಬಂದು, ಆ ಮಾತು ಓದುವಾಗ ಸಿಕ್ಕಿತೋ ಹೇಗೆ ಎಂದು ಮೆಲ್ಲಗೆ ಕೇಳಿದಳು. ಓದುವಾಗಲೇ ಎಂದೆ. ಸೂಜಿ ಆಗ ನನ್ನ ಪುಸ್ತಕದ ರಟ್ಟಿನಲ್ಲೇ ಇತ್ತು.

ಹೆಂಡತಿ ಆ ದಿನದ ಬಗ್ಗೆ ಒಂದು ಮಾತನ್ನೂ ಎತ್ತಲಿಲ್ಲ. ಎತ್ತಿ ಬಯ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಇಳಿದವಳು ನಾನೂ ಅಲ್ಲವೇ ಎಂದು ಆಕೆ ತನ್ನನ್ನೇ ಹಳಿದುಕೊಳ್ಳುತ್ತಿದ್ದಳೆಂದು ಬಹಳ ವರ್ಷಗಳ ಮೇಲೆ ತಿಳಿಯಿತು. ನನ್ನ ತಪ್ಪಿನಲ್ಲಿ ಆಕೆಗೂ ಪಾಲು ಕೊಟ್ಟಿದ್ದೆ.

ಮಗಳಿಗೆ ನಾನೇ ಓದು ಮುಂದುವರಿಸಿದೆ. ಪಾಟಿಯ ಮೇಲೆ ನಾನು ಬಳಪದಿಂದ ಬರೆಯುವುದು, ಅವಳು ಓದಿ ಬಾಯಿಂದ ಉತ್ತರ ಹೇಳುವುದು. ಮಾತು ಉಳಿದಿತ್ತು, ಆದರೆ ತನ್ನ ದನಿ ತನಗೆ ಕೇಳದ್ದರಿಂದ ಏನು ಹೇಳಿದರೂ ಹೊಲದಾಚೆಗೆ ಕೂಗಿದ ಹಾಗೆ. ಬರೆದದ್ದನ್ನೆಲ್ಲ ಗಟ್ಟಿಯಾಗಿ ಓದುವ ಹಳೆಯ ರೂಢಿ ಹೋಗಲಿಲ್ಲ. ಯಾವ ಪಾಠವನ್ನೂ ನಡುವಿನಿಂದ ಶುರುಮಾಡಲು ನಾನು ಬಿಡುತ್ತಿರಲಿಲ್ಲ. ಅವಳ ಬೆರಳು ಹಿಡಿದು ಮೊದಲ ಸಾಲಿನ ಮೇಲೆ ಇಡುತ್ತಿದ್ದೆ.

ಅರವತ್ತರ ಸುಮಾರಿಗೆ, ಅವಳಿಗೆ ಹತ್ತು ತುಂಬಿದಾಗ, ಹತ್ತಿಮತ್ತೂರಿನ ಕೂಟದಲ್ಲಿ ಅವಳೇ ವಾಕ್ಯ ಓದಲಿ ಎಂದು ಎಲ್ಲರೂ ಆಸೆಪಟ್ಟರು. ದೇವರು ಬದುಕಿಸಿದ ಹುಡುಗಿ, ಅಧಿಕಾರಿಯ ಮಗ ಬದುಕಿದ ಅದೇ ಕಥೆಯನ್ನು ಓದಲಿ ಎಂದರು. ಹೆಂಡತಿ ನನ್ನ ಪಕ್ಕದಲ್ಲಿದ್ದಳು. ಆ ವಿಧವೆ ಕಂಬಕ್ಕೆ ಒರಗಿ ಕುಳಿತಿದ್ದಳು, ಮದುವೆಯಾಗದೆ ಉಳಿದ ಮಗಳು ಅವಳ ಹಿಂದೆ. ನನ್ನ ಮಗಳು ನಾನು ಕಲಿಸಿದಂತೆಯೇ ಮೇಲಿನಿಂದ ಶುರುಮಾಡಿದಳು. ಆ ತಂದೆ ಊರು ಬಿಟ್ಟು ಹೋದಲ್ಲಿಗೆ ಬಂದಾಗ ಬೆರಳು ನಿಲ್ಲಿಸಿ, ಪಕ್ಕದಲ್ಲಿಟ್ಟಿದ್ದ ಪಾಟಿ ಎತ್ತಿಕೊಂಡು ನನ್ನ ಕಡೆ ತಿರುಗಿದಳು.

"ಅಷ್ಟು ದೂರ ನಡಕೊಂಡ ಹೋದನೇನಪ್ಪಾ? ಆಗ ಬಸ್ಸಿದ್ದಿಲ್ಲೇನು?"

ಕೆಲವರು ನಕ್ಕರು. ಹೆಂಡತಿಯ ಕೈ ತೊಡೆಯ ಮೇಲೆ ಮುಷ್ಟಿಯಾಯಿತು. ನಾನು ತಲೆಯಾಡಿಸಿ ಸುಮ್ಮನಾಗಬಹುದಿತ್ತು, ಅಷ್ಟು ವರ್ಷ ಸುಮ್ಮನಿದ್ದವನು. ಮಗಳು ಪಾಟಿಯನ್ನು ನನ್ನ ಮುಂದೆ ಹಿಡಿದುಕೊಂಡೇ ಇದ್ದಳು. ಬಳಪ ತೆಗೆದುಕೊಂಡೆ. ಅವನಿಗೆ ಬಸ್ಸಿರಲಿಲ್ಲ, ನಮಗಿತ್ತು, ಶಿಗ್ಗಾಂವಿಯಲ್ಲಿ ನಾನೇ ಇಳಿಸಿದೆ, ನಿನ್ನ ಕಿವಿ ಹೋದದ್ದು ಅದಕ್ಕೇ ಎಂದು ಬರೆದು ಕೊಟ್ಟೆ.

ಪಾಟಿಯನ್ನು ಬೆಳಕಿಗೆ ತಿರುಗಿಸಿ, ಮೊದಲ ಅಕ್ಷರದ ಮೇಲೆ ಬೆರಳಿಟ್ಟು, ಅವಳು ಅದನ್ನು ಯಾವಾಗಿನಂತೆ ಗಟ್ಟಿಯಾಗಿ ಓದಿದಳು. ಪಡಸಾಲೆಯಲ್ಲಿದ್ದ ಎಲ್ಲರಿಗೂ ಕೇಳಿಸಿತು, ಅವಳೊಬ್ಬಳನ್ನು ಬಿಟ್ಟು.