ಮುನಿಯಮ್ಮನ ಧಾರಾವಾಹಿಗೆ ನನ್ನ ಕಣ್ಣು

ಮುಳಬಾಗಿಲಿನ ಥಿಯೇಟರಿನಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಪರದೆಯ ಮೇಲೆ ದಪ್ಪ ಮೀಸೆಯವನೊಬ್ಬ ಏನೋ ಹೇಳಿದ. ಶಿಳ್ಳೆ ಬಿತ್ತು, ಯಾರೋ ಕಾಗದದ ಚೂರು ತೂರಿದರು. ಮಾತೆಲ್ಲ ತೆಲುಗು. ಪಕ್ಕದ ಹೆಂಗಸು ನನ್ನ ಮುಖ ನೋಡಿ, “ಯಾಕಮ್ಮ, ನಗು ಬರ್ಲಿಲ್ವಾ?” ಎಂದರು.

“ತೆಲುಗು ಬರಂಗಿಲ್ರೀ,” ಎಂದೆ.

“ನಮ್ಗೆ ಮಾತ್ರ ಯಾರು ಕಲ್ಸಿದ್ರು?” ಎಂದವರೇ ಪರದೆಯ ಕಡೆ ತಿರುಗಿದರು. ಮಧ್ಯಂತರದಲ್ಲಿ ಎದ್ದು ಬಂದೆ. ಸಿನಿಮಾವನ್ನು ಅರ್ಧಕ್ಕೆ ಬಿಟ್ಟದ್ದು ನನ್ನ ಜೀವನದಲ್ಲಿ ಅದೇ ಮೊದಲು.

ನಾನು ಇಳಕಲ್ಲಿನವಳು. ಅಕ್ಕ ಸುನಂದಾ ಮತ್ತು ನಾನು ಹೊಸ ಸಿನಿಮಾ ಬಂದ ದಿನವೇ ನೋಡುತ್ತಿದ್ದೆವು; ಕಂಪನಿ ನಾಟಕದವರು ಬಂದರೆ ಹಾಸ್ಯದ ಮಾತುಗಳನ್ನು ಬಾಯಿಪಾಠ ಮಾಡಿ ಅಡುಗೆಮನೆಯಲ್ಲಿ ಆಡಿ ತೋರಿಸುತ್ತಿದ್ದೆವು. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಕೆಲಸ ಸಿಕ್ಕಿ, ರಾಜ್ಯದ ಈ ತುದಿಗೆ, ತೆಲುಗು ಗಡಿಯ ಊರಿಗೆ ಬಂದೆ. ಇಲ್ಲಿ ನನ್ನ ಕನ್ನಡ ಕೇಳಿದವರು “ಮಹಾರಾಷ್ಟ್ರದೋರಾ?” ಎಂದು ವಿಚಾರಿಸುತ್ತಾರೆ. ಶ್ರೀನಿವಾಸಪುರ, ಯಲ್ದೂರಿನ ಕಡೆಯ ಮಾವಿನ ತೋಪುಗಳ ನಡುವೆ ಬಸ್ಸು ಸಾಗುವಾಗ “ಮುಂದ ಸರೀರಿ” ಎಂದು ಎಷ್ಟು ಕೂಗಿದರೂ ಯಾರೂ ಕದಲುತ್ತಿರಲಿಲ್ಲ. ಒಂದು ದಿನ ಧೈರ್ಯ ಮಾಡಿ ತೆಲುಗಿನಲ್ಲೇ “ಜರಗಂಡಿ!” ಎಂದೆ. ಅರ್ಥ ಅದೇ, ಮುಂದೆ ಹೋಗಿ ಅಂತ. ಇಡೀ ಬಸ್ಸು ಸರಿಯಿತು. ಆ ಗೆಲುವನ್ನು ಹೇಳಿಕೊಳ್ಳಲು ಮಾತ್ರ ಯಾರೂ ಇರಲಿಲ್ಲ.

ಬಾಡಿಗೆಗೆ ಸಿಕ್ಕಿದ್ದು ಮುನಿಯಮ್ಮನ ಮನೆಯ ಪಕ್ಕದ ಕೋಣೆ. ಮಗ, ಸೊಸೆ ಇಬ್ಬರೂ ಕೋಲಾರದಲ್ಲಿ ಕೆಲಸಕ್ಕೆ ಹೋಗುತ್ತಿದ್ದರಿಂದ ಸಂಜೆ ಅವರೊಬ್ಬರೇ ಇರುತ್ತಿದ್ದರು. ಗೋಡೆಯ ಆಚೆ ಅವರ ತೆಲುಗು ಧಾರಾವಾಹಿ, ಈಚೆ ನನ್ನ ರೊಟ್ಟಿ ಬಡಿಯುವ ಸಪ್ಪಳ. ಧಾರಾವಾಹಿಯಲ್ಲಿ ಯಾರಾದರೂ ಅತ್ತರೆ, ಯಾಕೆಂದು ತಿಳಿಯದೆಯೂ ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳುತ್ತಿದ್ದೆ. ವರ್ಗಾವಣೆಗೆ ಅರ್ಜಿ ಹಾಕಿ, ಅದರ ದಾರಿ ಕಾಯುತ್ತ ಕುಳಿತೆ.

ಅಷ್ಟರಲ್ಲಿ ಮುನಿಯಮ್ಮನಿಗೆ ಕಣ್ಣಿನ ಪೊರೆ ತೆಗೆಸಿದರು. ಕೆಲವು ವಾರ ಟಿವಿಯ ಕಡೆ ತಿರುಗಿಯೂ ನೋಡಬಾರದು ಎಂದು ಡಾಕ್ಟರು ಹೇಳಿದ್ದರು. ಅಂದು ಸಂಜೆ ಕಪ್ಪು ಕನ್ನಡಕ ಹಾಕಿಕೊಂಡು ನನ್ನ ಬಾಗಿಲಿಗೆ ಬಂದರು.

“ಮಾದೇವಿ, ಮಾತು ನಂಗೆ ಕೇಳುಸ್ತದೆ. ಯಾರ್ ಬಂದ್ರು, ಯಾರ್ ಹೋದ್ರು, ನೀನ್ ನೋಡಿ ಹೇಳ್ತೀಯಾ?”

ಅವರ ಮನೆಗೆ ಹೋದೆ. ಅವರು ಟಿವಿಗೆ ಬೆನ್ನು ಮಾಡಿ, ನನಗೆ ಎದುರಾಗಿ ಕುಳಿತರು. ನನಗೆ ಕಾಣಿಸುತ್ತಿತ್ತು, ತಿಳಿಯುತ್ತಿರಲಿಲ್ಲ. ಅವರಿಗೆ ತಿಳಿಯುತ್ತಿತ್ತು, ಕಾಣಿಸುತ್ತಿರಲಿಲ್ಲ.

“ಹಸರ ಸೀರ್ಯಾಕಿ ಬಾಗಲಾ ಹಿಂದ ನಿಂತಾಳ. ಕೈಯಾಗ ಹಾಲಿನ ಲೋಟ ಐತಿ,” ಎಂದೆ.

“ಹಾಲಾ? ಅದ್ರಲ್ಲಿ ಏನೋ ಹಾಕವ್ಳೆ. ಮುಖ ಹೆಂಗಿದೆ ಹೇಳು.”

“ನಗಾಕತ್ತಾಳ್ರೀ.”

“ಅಟ್ಲಾ! ಹಂಗಾದ್ರೆ ಹಾಕೇ ಹಾಕವ್ಳೆ ಕಣೇ!”

‘ಅಟ್ಲಾ’ ಎಂದರೆ ‘ಹಾಗಾ’. ಹೀಗೆ ದಿನಕ್ಕೆ ಒಂದೆರಡು ಪದ ಅವರಿಂದ ನನಗೆ ಬಂದವು. ನಾನೂ ಸುಮ್ಮನೆ ವರದಿ ಒಪ್ಪಿಸಲಿಲ್ಲ. ನಾಟಕದ ಹುಚ್ಚು ಎಲ್ಲಿಗೆ ಹೋದೀತು? ಹಸಿರು ಸೀರೆಯವಳು ಹುಬ್ಬು ಹಾರಿಸಿದರೆ ಎರಡು ಮಾತು ಸೇರಿಸಿ ಹೇಳುತ್ತಿದ್ದೆ. ಮುದ್ದೆ ನುಂಗುತ್ತಿದ್ದ ಮುನಿಯಮ್ಮ ನಕ್ಕು ಕೆಮ್ಮುತ್ತಿದ್ದರು.

ಕಣ್ಣು ವಾಸಿಯಾಯಿತು. ಮೊದಲು ದೇವರನ್ನು ನೋಡಬೇಕೆಂದರು. ಕುರುಡುಮಲೆಗೆ ಕರೆದುಕೊಂಡು ಹೋದೆ. ನಮ್ಮೂರಿನ ಹತ್ತಿರದ ಐಹೊಳೆಯ ಕೆಂಪು ಕಲ್ಲುಗಳ ನಡುವೆ ಆಡಿ ಬೆಳೆದ ನಾನು, ಕತ್ತೆತ್ತಿ ನೋಡಬೇಕಾದ ಆ ಕಪ್ಪು ಗಣಪತಿಯ ಎದುರು ಹೊಸಬಳಂತೆ ಕೈಮುಗಿದು ನಿಂತೆ. ನಮ್ಮ ಕಡೆ ಗುಡಿಯ ಕಟ್ಟೆಯ ಮೇಲೆ ಕೂತು ಶೇಂಗಾ ತಿಂದವರು ನಾವು. ಇತಿಹಾಸವೆಂದರೆ ನಮಗೆ ಓಣಿಯ ಹಿರಿಯರಿದ್ದಂತೆ. ಇಲ್ಲಿನ ಹಿರಿಯರಿಗೆ ನಾನು ಯಾರ ಮಗಳೆಂದು ಗೊತ್ತಿಲ್ಲ ಅನ್ನಿಸಿತು. ಮುನಿಯಮ್ಮ ಮಾತ್ರ ಹೊಸ ಕಣ್ಣಿನಿಂದ ದೇವರನ್ನೂ ನನ್ನನ್ನೂ ನೋಡಿ, “ಇಷ್ಟು ಸಣ್ಣಗಿದ್ದೀಯಾ ನೀನು? ಗಂಟ್ಲು ದೊಡ್ಡದು!” ಎಂದರು.

ಆಮೇಲೆ ಅವರಿಗೆ ನನ್ನ ಅಗತ್ಯವಿರಲಿಲ್ಲ. ಡ್ಯೂಟಿ ಮುಗಿಸಿ ಬಂದರೆ ಬಾಗಿಲು ಮುಚ್ಚಿರುತ್ತಿತ್ತು, ಒಳಗೆ ಧಾರಾವಾಹಿಯ ಸಂಗೀತ. ಕರೆಯದೆ ಹೋಗಲು ನನಗೆ ಸಂಕೋಚ. ಈಗ ಗೋಡೆಯಾಚೆಯ ಮಾತುಗಳು ಅಷ್ಟಿಷ್ಟು ತಿಳಿಯುತ್ತಿದ್ದವು. ಅದರಿಂದ ಕೋಣೆ ಇನ್ನೂ ಖಾಲಿ ಅನ್ನಿಸುತ್ತಿತ್ತು.

ಒಂದು ಸಂಜೆ ಬಾಗಿಲು ಬಡಿದರು. “ಲೇ ಮಾದೇವಿ, ಆ ಹಸಿರು ಸೀರೆಯವ್ಳು ನೀನ್ ಹೇಳ್ದಷ್ಟು ಚೆನ್ನಾಗಿಲ್ಲ ಕಣೇ. ಬಾ, ನೀನೇ ಹೇಳು. ನಾನ್ ಕಣ್ ಮುಚ್ಕೋತೀನಿ.”

ವರ್ಗಾವಣೆಯ ಅರ್ಜಿ ಇನ್ನೂ ಎಲ್ಲೋ ಇದೆ. ಬೇಡವೆಂದು ಬರೆದುಕೊಟ್ಟಿಲ್ಲ, ಆಯಿತೇ ಎಂದು ಕೇಳಲೂ ಹೋಗಿಲ್ಲ.

ಮೊನ್ನೆ ರಜೆಗೆ ಇಳಕಲ್ಲಿಗೆ ಹೋಗಿದ್ದೆ. ಅಕ್ಕ ನನಗಾಗಿ ಎಣ್ಣೆಗಾಯಿ ಮಾಡಿ, ಸಿನಿಮಾಕ್ಕೆ ಹೋಗೋಣವೆಂದು ಸೀರೆ ಉಡುತ್ತಿದ್ದಳು. ಆಗ ಫೋನ್ ಬಂತು. ಹಸಿರು ಸೀರೆಯವಳನ್ನು ಮನೆಯಿಂದ ಹೊರಹಾಕಿದರಂತೆ. ಮುನಿಯಮ್ಮ ಉಸಿರು ಬಿಡದೆ ಹೇಳುತ್ತಿದ್ದರು, ನಾನು ಅಟ್ಲಾ ಅಟ್ಲಾ ಎನ್ನುತ್ತ ಅಂಗಳಕ್ಕೆ ಬಂದಿದ್ದೆ. ಅಕ್ಕ ಸೆರಗು ಸರಿಮಾಡಿಕೊಳ್ಳುತ್ತ ಬಾಗಿಲಲ್ಲಿ ನಿಂತು, “ಯಾರ್ದವಾ ಫೋನು?” ಎಂದು ಕೇಳಿದಳು.

“ಮನಿಯಿಂದ,” ಎಂದೆ.

ಅಕ್ಕ ನನ್ನ ಚಪ್ಪಲಿಯನ್ನು ಕಾಲ ಬಳಿ ತಂದಿಟ್ಟು, ಮಾತು ಮುಗಿಯಲೆಂದು ಕಾಯುತ್ತ ನಿಂತಳು.