ಕೊಟ್ಟುಬಿಡುವ ಅಜ್ಜಿ

ಮೊನ್ನೆ ರಜಾಯಿಗಳನ್ನು ಹೊರಗೆ ತೆಗೆದೆ. ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ನೀವು ಗುರ್ಗಾಂವ್ ಕಡೆ ಚಳಿಗಾಲ ಕಳೆದವರಾದರೆ ನಾನು ಹೇಳಬೇಕಾಗಿಲ್ಲ. ಕಳೆಯದಿದ್ದರೆ ಕೇಳಿ, ಇಲ್ಲಿ ಮಂಚವೆಂದರೆ ಒಂದು ದೊಡ್ಡ ಪೆಟ್ಟಿಗೆ. ಹಾಸಿಗೆ ಮಡಿಸಿ ಹಲಗೆ ಎತ್ತಿದರೆ ಒಳಗೆ ಒಬ್ಬ ಮನುಷ್ಯ ಮಲಗುವಷ್ಟು ಜಾಗ. ಬೇಸಿಗೆಯಲ್ಲಿ ರಜಾಯಿಗಳೆಲ್ಲ ಅದರೊಳಗೆ, ಚಳಿಗಾಲದಲ್ಲಿ ನಮ್ಮ ಮೇಲೆ. ಖಾಲಿಯಾದ ಆ ಗುಂಡಿಯನ್ನು ನೋಡುತ್ತ ಸುಮ್ಮನೆ ನಿಂತಿದ್ದೆ. ಸೊಸೆ ಬಂದು, ಏನು ಕಳೆದುಹೋಯಿತು ಅತ್ತೆ ಎಂದು ಕೇಳಿದಳು. ಏನೂ ಇಲ್ಲ ಎಂದೆ. ಅದು ಸುಳ್ಳು. ಕಳೆದುಹೋದದ್ದಲ್ಲ, ನಾನೇ ಕೊಟ್ಟದ್ದು.

ನನ್ನ ಓದು ಮೂರನೇ ಕ್ಲಾಸು. ಹಿರಿಯೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಹೆಣ್ಣುಮಕ್ಕಳಿಗೆ ಅಷ್ಟು ಸಾಕು ಎನ್ನುತ್ತಿದ್ದರು. ನನಗೂ ಸಾಕಾಗಿತ್ತು, ಮೇಷ್ಟರ ಕೈ ಬಹಳ ಓಡುತ್ತಿತ್ತು. ಕನ್ನಡ ಓದುತ್ತೇನೆ, ಅಕ್ಕಿ ಆರಿಸಿದ ಹಾಗೆ ಒಂದೊಂದೇ ಅಕ್ಷರ. ಇಂಗ್ಲಿಷ್ ಬರುವುದಿಲ್ಲ. ಗಂಡ ಸತ್ತ ಮೇಲೆ ಮಗ ಚಂದ್ರು ಇಲ್ಲಿಗೆ ಕರೆತಂದ. ಅವನಿಗೆ ಮಾನೇಸರದಲ್ಲಿ ಕಾರಿನ ಬಿಡಿಭಾಗ ಮಾಡುವ ಒಂದು ಫ್ಯಾಕ್ಟರಿಯಲ್ಲಿ ಕೆಲಸ, ಕಾಂಟ್ರಾಕ್ಟಿನ ಮೇಲೆ. ಪ್ರತಿ ವರ್ಷ ಏಪ್ರಿಲ್‌ನಲ್ಲಿ ಕಾಗದಕ್ಕೆ ರುಜು ಬಿದ್ದರೆ ಇನ್ನೊಂದು ವರ್ಷ. ಆ ರುಜು ಹಾಕುವವನು ಮಹೇಶ. ನಮ್ಮ ಕಡೆಯವನೇ, ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲೇ ಪಕ್ಕದ ಟವರಿನಲ್ಲಿ ಮನೆ. ಆಗೆಲ್ಲ ನಾನು ಅವನನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದೆ. ಈಗ ಬರೆಯುವಾಗ ಕೈ ಒಪ್ಪುವುದಿಲ್ಲ.

ಮಹೇಶನ ಮಗಳು ಇಂಚರ. ಅವಳಿಗೆ ಹದಿಮೂರು ತುಂಬಿದಾಗ ಅವನೇ ಕರೆದುಕೊಂಡು ಬಂದ. ಸ್ಕೂಲ್ ಬಸ್ಸು ಎರಡೂವರೆಗೆ ಬಿಡುತ್ತದೆ, ಹೆಂಡತಿ ಸುಮಾ ಬ್ಯಾಂಕಿನಿಂದ ಬರುವುದು ಸಂಜೆಗೆ, ಅಲ್ಲಿಯವರೆಗೆ ಮಗು ನಿಮ್ಮ ಹತ್ತಿರ ಇರಲಿ ಅಮ್ಮಾ, ಕನ್ನಡವಾದರೂ ಕಲಿಯುತ್ತಾಳೆ ಎಂದ. ಸೊಸೆಯೂ ಕೆಲಸಕ್ಕೆ ಹೋಗುತ್ತಿದ್ದಳು. ಹಗಲೆಲ್ಲ ಗೋಡೆ ನೋಡಿಕೊಂಡು ಕೂತಿರುವವಳಿಗೆ ಬೇಡ ಎನ್ನಲು ಕಾರಣವಿರಲಿಲ್ಲ. ಹುಡುಗಿಗೆ ಕನ್ನಡ ತಿಳಿಯುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಮೊದಲ ವಾರ ಹಿಂದಿಯಲ್ಲಿ ಮಾತಾಡಿದಳು, ನನಗೆ ತರಕಾರಿ ಭಯ್ಯಾನ ಹತ್ತಿರ ನಡೆಯುವಷ್ಟೇ ಹಿಂದಿ. ಇಬ್ಬರೂ ಸೋತು ಕನ್ನಡಕ್ಕೆ ಬಂದೆವು.

ಎರಡನೇ ತಿಂಗಳು ಅವಳು ಬ್ಯಾಗಿನಿಂದ ನಾಲ್ಕು ಪುಸ್ತಕ ತೆಗೆದು, ಇವನ್ನು ಇಲ್ಲಿ ಇಡಬಹುದಾ ಎಂದು ಕೇಳಿದಳು. ಪಾಠದ ಪುಸ್ತಕವಲ್ಲ. ಅವಳ ವಯಸ್ಸಿನ ಮಕ್ಕಳಿಗೆಂದೇ ಬರೆದ ಇಂಗ್ಲಿಷ್ ಕಥೆಪುಸ್ತಕಗಳು, ಮಾರ್ಕೆಟ್ಟಿನ ಫುಟ್‌ಪಾತಿನಲ್ಲಿ ತೂಕದ ಮೇಲೆ ಮಾರುವಂಥವು. ಮನೆಯಲ್ಲಿ ಅಪ್ಪನ ಕಣ್ಣಿಗೆ ಬಿದ್ದರೆ ಹರಿದುಹಾಕುತ್ತಾನಂತೆ. ಕೋಚಿಂಗು ಕ್ಲಾಸಿನ ಪುಸ್ತಕ ಬಿಟ್ಟು ಬೇರೆ ಏನೂ ಓದಕೂಡದು. ನಾನು ಹಾಸಿಗೆ ಮಡಿಸಿ ಹಲಗೆ ಎತ್ತಿ ತೋರಿಸಿದೆ. ಚಲೋ, ಲೈಬ್ರರಿ ಆಯ್ತು ಎಂದಳು.

ಪುಸ್ತಕ ಹೆಚ್ಚಾದ ಹಾಗೆ ತೊಡಕು ಶುರುವಾಯಿತು. ಅವಳು ಊಟ ಮಾಡುತ್ತ ಇಂಥದ್ದು ಕೊಡು ಎಂದರೆ ನನಗೆ ಹೆಸರು ಓದಲು ಬಾರದು. ಅದಕ್ಕೆ ನನ್ನ ಹಣೆಗೆ ಅಂಟಿಸುವ ಬಿಂದಿಯ ಪೊಟ್ಟಣ ಕಸಿದುಕೊಂಡು ಒಂದೊಂದು ಪುಸ್ತಕದ ಬೆನ್ನಿಗೂ ಒಂದೊಂದು ಅಂಟಿಸಿದಳು. ಇನ್ನು ಬಣ್ಣ ಹೇಳಿದರೆ ಸಾಕು. ಕೆಂಪು ಅಂದರೆ ಎರಡು ಸಲ ಓದಬಹುದು. ಕಪ್ಪು ಅಂದರೆ ಸುಳ್ಳುಬುರುಕ ಪುಸ್ತಕ. ಕಪ್ಪು ಬಿಂದಿ ಬೇಗ ಮುಗಿದುಹೋಗುತ್ತಿತ್ತು.

ಅವಳ ಅಭಿಪ್ರಾಯಗಳನ್ನು ನೀವು ಕೇಳಬೇಕಿತ್ತು. ನ್ಯಾಯಾಧೀಶರ ಹಾಗೆ ಕಾಲು ಮೇಲೆ ಕಾಲು ಹಾಕಿ ಕೂತು ಅನ್ನ ಸಾರು ತಿನ್ನುತ್ತ ಹೇಳುತ್ತಿದ್ದಳು. ಈ ಪುಸ್ತಕಗಳಲ್ಲಿ ಹುಡುಗಿ ಮೊದಲ ಪುಟದಲ್ಲೇ ಕನ್ನಡಿ ಮುಂದೆ ನಿಂತು ತನ್ನ ಕೂದಲು ಹೀಗೆ, ಕಣ್ಣು ಹೀಗೆ ಎಂದು ಹೇಳಿಕೊಳ್ಳುತ್ತಾಳಂತೆ, ಅಂಥವಳನ್ನು ಇವಳು ಎಲ್ಲೂ ನೋಡಿಲ್ಲವಂತೆ. ಯಾವ ಹುಡುಗಿಗೂ ಟ್ಯೂಷನ್ ಇಲ್ಲ, ದಿನವಿಡೀ ಸಮಯ. ಅಪ್ಪ ಅಮ್ಮನನ್ನು ಶುರುವಿನಲ್ಲೇ ಸಾಯಿಸಿಬಿಡುತ್ತಾರೆ, ಬದುಕಿದ್ದರೆ ಹೋಮ್‌ವರ್ಕ್ ಮಾಡು ಎನ್ನುತ್ತಾರಲ್ಲ, ಕಥೆ ಮುಂದೆ ಹೋಗುವುದಿಲ್ಲ. ನಮ್ಮ ದೇಶದವರು ಬರೆದದ್ದು ಇನ್ನೂ ಕಷ್ಟ, ಅದು ನಮಗೆ ಬರೆದದ್ದಲ್ಲ ಅಜ್ಜಿ, ನಮ್ಮಮ್ಮಂದಿರು ಕೊಳ್ಳಲಿ ಅಂತ ಬರೆದದ್ದು ಎಂದಳು ಒಮ್ಮೆ. ಇದನ್ನು ಬರೆದವರು ಯಾರಾದರೂ ಕೇಳಿಸಿಕೊಂಡಿದ್ದರೆ ಆ ದಿನ ಊಟ ಬಿಡುತ್ತಿದ್ದರು.

ಅಜ್ಜಿಯರ ಮೇಲೂ ಅವಳಿಗೆ ತಕರಾರಿತ್ತು. ಪ್ರತಿ ಪುಸ್ತಕದಲ್ಲೂ ಒಬ್ಬ ಅಜ್ಜಿ. ಕಥೆ ಹೇಳುತ್ತಾಳೆ, ತಲೆ ಸವರುತ್ತಾಳೆ, ಎಲ್ಲರೂ ಎದುರು ಬಿದ್ದಾಗ ಹುಡುಗಿಯ ಪರ ಎದ್ದು ನಿಲ್ಲುತ್ತಾಳೆ, ಆಮೇಲೆ ಸಾಯುತ್ತಾಳೆ.

"ನೀನು ಒಂದೂ ಕಥೆ ಹೇಳಿಲ್ಲ," ಎಂದಳು.

"ನನಗೆ ಬರೋದಿಲ್ಲ."

"ತಲೆ ಸವರೋದೂ ಇಲ್ಲ."

"ಎಣ್ಣೆ ಹಾಕಿದೀಯಾ, ಕೈಗೆ ಅಂಟತ್ತೆ."

"ಅಚ್ಛಾ, ಹಾಗಾದ್ರೆ ನೀನು ಸಾಯೋದೂ ಇಲ್ಲ ಬಿಡು," ಎಂದು ನಕ್ಕಳು. ನನಗೆ ಆ ಮಾತು ಇಷ್ಟವಾಯಿತು. ನನ್ನ ವಯಸ್ಸಿನವರ ಹತ್ತಿರ ಸಾವಿನ ಮಾತನ್ನು ಇಷ್ಟು ಹಗುರವಾಗಿ ಆಡುವವರು ಸಿಗುವುದಿಲ್ಲ, ಎಲ್ಲರೂ ಮುಖ ಉದ್ದ ಮಾಡುತ್ತಾರೆ.

ಇಲ್ಲಿಯ ಚಳಿಗಾಲ ಮೈಯನ್ನೆಲ್ಲ ಮುಚ್ಚಿಡುತ್ತದೆ. ಮಾರ್ಚ್ ಬಂದು ಸ್ವೆಟರು ಬಿಚ್ಚಿದಾಗ ಅವಳ ತೋಳು ಕಂಡಿತು. ಮಹೇಶ ಹೊಡೆಯುತ್ತಾನೆಂದು ಅವತ್ತು ತಿಳಿಯಿತು. ಕೈಗೆ ಸಿಕ್ಕಿದ್ದರಲ್ಲಿ ಹೊಡೆಯುತ್ತಾನೆ, ಮಾರ್ಕ್ಸಿಗೆ, ಎದುರುತ್ತರಕ್ಕೆ, ಕಥೆಪುಸ್ತಕಕ್ಕೆ. ಸುಮಾ ಬಾಗಿಲು ಹಾಕಿಕೊಂಡು ಒಳಗೆ ಕೂರುತ್ತಾಳೆ. ಇದೆಲ್ಲ ನಾನು ಕೇಳಿದೆ, ಅವಳು ಹೇಳಿದಳು. ಸಾರಿಗೆ ಉಪ್ಪು ಕಡಿಮೆ ಎಂದು ಹೇಳುವ ದನಿಯಲ್ಲೇ ಹೇಳಿದಳು. ಸ್ಕೂಲಿನಲ್ಲಿ ಯಾರಿಗಾದರೂ ಹೇಳಬಾರದೇ ಎಂದೆ.

"ಪುಸ್ತಕದಲ್ಲೂ ಹೀಗೇ ಅಜ್ಜಿ. ಹುಡುಗಿ ಒಬ್ಬ ದೊಡ್ಡವರಿಗೆ ಹೇಳ್ತಾಳೆ. ಎರಡು ಚಾಪ್ಟರಲ್ಲಿ ಎಲ್ಲ ಸರಿಹೋಗತ್ತೆ. ಅಂಥದ್ದಕ್ಕೆಲ್ಲ ಕಪ್ಪು ಹಚ್ಚಿದೀನಿ."

ಈಗಷ್ಟೇ ನನಗೂ ಹೇಳಿದ್ದಳು, ನಾನೂ ದೊಡ್ಡವಳೇ. ಅದು ನನ್ನ ತಲೆಗೆ ಹೋಗಲಿಲ್ಲ ಎಂದು ಬರೆದರೆ ನೀವು ನಂಬಬಹುದು, ಆದರೆ ಹೋಗಿತ್ತು. ಚಂದ್ರುವಿಗೆ ಹೇಳಿದೆ. ಅವನು ತಟ್ಟೆಯಿಂದ ಮುಖ ಎತ್ತದೆ, ಏಪ್ರಿಲ್ ಹತ್ತಿರ ಬಂತಮ್ಮ ಎಂದ. ಆ ಏಪ್ರಿಲ್ ಕಳೆಯಿತು. ಬೇಸಿಗೆ ಕಳೆಯಿತು. ನಾನು ಅವಳ ತೋಳಿಗೆ ಅರಿಸಿನ ಹಚ್ಚಿದೆ, ಪುಸ್ತಕ ಬಚ್ಚಿಟ್ಟೆ. ಅಷ್ಟು ಮಾಡುವುದೇ ದೊಡ್ಡದೆಂದು ನನಗೆ ನಾನೇ ಹೇಳಿಕೊಂಡೆ.

ಮುಂದಿನ ಜನವರಿಯ ಒಂದು ಭಾನುವಾರ, ಮಧ್ಯಾಹ್ನ, ಮಹೇಶ ಬಂದ. ಹಿಂದೆ ಚಂದ್ರು. ಕೂತು, ನೀರು ಕುಡಿದು, ಬಹಳ ಮರ್ಯಾದೆಯಿಂದಲೇ ಕೇಳಿದ.

"ಅಮ್ಮಾ, ಇಂಚರ ಇಲ್ಲೇನಾದ್ರೂ ಪುಸ್ತಕ ಇಟ್ಟಿದಾಳಾ?"

ಚಂದ್ರು ತನ್ನ ಚಪ್ಪಲಿ ನೋಡುತ್ತಿದ್ದ. ಕಣ್ಸನ್ನೆಯನ್ನೂ ಮಾಡಲಿಲ್ಲ. ಯಾರೂ ನನ್ನನ್ನು ಬಲವಂತ ಮಾಡಲಿಲ್ಲ. ಇಲ್ಲ ಎಂದಿದ್ದರೆ ಮಹೇಶ ನನ್ನ ಮಂಚ ಕೆದಕುತ್ತಿರಲಿಲ್ಲ, ಅಷ್ಟು ಸಭ್ಯ ಹೊರಗಿನವರ ಮುಂದೆ. ನಾನು ಎದ್ದೆ. ಹಾಸಿಗೆ ಮಡಿಸಿದೆ. ಮೊಣಕಾಲು ನೋವಿಗೆ ಹಲಗೆ ಎತ್ತಲಾಗಲಿಲ್ಲ, ಅವನೇ ಕೈ ಕೊಟ್ಟ. ಹತ್ತೊಂಬತ್ತು ಪುಸ್ತಕ. ಒಂದೊಂದಾಗಿ ಎತ್ತಿಕೊಟ್ಟೆ.

ಒಂದು ಪುಸ್ತಕದ ಹಿಂದಿನ ಖಾಲಿ ಹಾಳೆಗಳಲ್ಲಿ ಅವಳು ಪೆನ್ಸಿಲಿನಲ್ಲಿ ಏನೋ ಒತ್ತೊತ್ತಾಗಿ ಬರೆದಿದ್ದಳು, ಇಂಗ್ಲಿಷಿನಲ್ಲಿ. ನಾನು ಎಷ್ಟೋ ಸಲ ನೋಡಿದ್ದೆ. ಪುಸ್ತಕದ ಬಗ್ಗೆ ಅಭಿಪ್ರಾಯ ಇರಬೇಕು ಎಂದುಕೊಂಡಿದ್ದೆ. ಮಹೇಶ ನಿಂತಲ್ಲೇ ಓದಿದ. ಒಂದು ಹಾಳೆ ತಿರುಗಿಸಿದ, ಇನ್ನೊಂದು ತಿರುಗಿಸಿದ. ಅವನ ಕಿವಿ ಕೆಂಪಾಯಿತು. ಪುಸ್ತಕ ಮುಚ್ಚಿ, ಥ್ಯಾಂಕ್ಸ್ ಅಮ್ಮಾ ಎಂದು ಎರಡು ಚೀಲ ಕೇಳಿದ. ಚೀಲವನ್ನೂ ನಾನೇ ಕೊಟ್ಟೆ.

ಅದರಲ್ಲಿ ಏನಿತ್ತೆಂದು ಚಂದ್ರು ಎಷ್ಟೋ ದಿನದ ಮೇಲೆ ಹೇಳಿದ, ಅವನು ಹೆಗಲ ಮೇಲಿಂದ ನಾಲ್ಕು ಸಾಲು ಓದಿದ್ದನಂತೆ. ಆ ಕಥೆಯಲ್ಲಿ ಅಪ್ಪ ಕೊನೆಗೆ ಮಗಳ ಹತ್ತಿರ ಕ್ಷಮೆ ಕೇಳುತ್ತಾನೆ. ಅದರ ಕೆಳಗೆ ಇವಳು ತನ್ನ ಅಪ್ಪ ಹೊಡೆದ ದಿನಗಳನ್ನು, ಯಾವುದರಲ್ಲಿ ಹೊಡೆದ ಎಂಬುದನ್ನು, ಬರೆದಿಟ್ಟಿದ್ದಳು. ನನಗೆ ಓದಲು ಬಂದಿದ್ದರೆ ಅದೊಂದನ್ನಾದರೂ ಉಳಿಸಿಕೊಳ್ಳುತ್ತಿದ್ದೆನೇ? ಕೊಡುತ್ತಿದ್ದೆನೇನೋ. ಇಂಗ್ಲಿಷ್ ಬಾರದ ತಪ್ಪಿಗೆ ಇದನ್ನು ಸೇರಿಸಲಾರೆ.

ಇಂಚರ ಮತ್ತೆ ನಮ್ಮ ಮನೆಗೆ ಬರಲಿಲ್ಲ. ಮೂರು ದಿನ ಬಿಟ್ಟು ಸುಮಾ ಬಂದು ಅವಳ ಟಿಫಿನ್ ಡಬ್ಬ, ಒಂದು ಟವೆಲ್ಲು ತೆಗೆದುಕೊಂಡು ಹೋದಳು. ಬಾತ್‌ರೂಮಿನಲ್ಲಿ ಜಾರಿ ಮಗುವಿನ ಎಡಗೈ ಮುರಿದಿದೆ, ಪ್ಲಾಸ್ಟರ್ ಹಾಕಿದ್ದಾರೆ ಎಂದಳು. ನಾನು ಹೌದಾ ಎಂದೆ. ಅವಳು ಹೌದು ಎಂದಳು. ಇಬ್ಬರು ಹೆಂಗಸರು ಬಾಗಿಲಲ್ಲಿ ನಿಂತು ಅಷ್ಟು ಮಾತಾಡಿದೆವು. ಏಪ್ರಿಲ್‌ನಲ್ಲಿ ಚಂದ್ರುವಿನ ಕಾಗದಕ್ಕೆ ರುಜು ಬಿತ್ತು.

ಆಮೇಲೆ ನಾಲ್ಕೂವರೆ ವರ್ಷ ಅವಳನ್ನು ದೂರದಿಂದ ನೋಡಿದ್ದಷ್ಟೇ. ಗೇಟಿನ ಹತ್ತಿರ ಎದುರಾದರೆ ನಮಸ್ತೆ ಅಜ್ಜಿ ಎನ್ನುತ್ತಿದ್ದಳು, ಎಲ್ಲ ಅಜ್ಜಿಯರಿಗೂ ಹೇಳುವಂತೆ. ಈ ವರ್ಷ ಮಳೆಗಾಲದಲ್ಲಿ ಸೊಸೈಟಿಯಲ್ಲಿ ಸುದ್ದಿ ಹಬ್ಬಿತು, ಹುಡುಗಿ ಮನೆ ಬಿಟ್ಟು ಹೋದಳು ಎಂದು. ಹದಿನೆಂಟು ತುಂಬಿ ಕೆಲವು ತಿಂಗಳಾಗಿತ್ತು. ಪೊಲೀಸರು, ವಯಸ್ಸಿಗೆ ಬಂದವಳು, ತಾನೇ ಹೋಗುತ್ತೇನೆಂದು ಬರೆದಿಟ್ಟು ಹೋಗಿದ್ದಾಳೆ ಎಂದು ಕೈ ಚೆಲ್ಲಿದರಂತೆ. ಮಹೇಶ ಮಾತ್ರ ಹುಡುಕುವುದನ್ನು ಬಿಡಲಿಲ್ಲ. ಸಿಕ್ಕರೆ ಕಾಲು ಮುರಿದು ತರುತ್ತೇನೆ ಎಂದು ಪಾರ್ಕಿಂಗಿನಲ್ಲಿ ನಿಂತು ಹೇಳಿದ್ದನ್ನು ಚಂದ್ರು ಕೇಳಿದ್ದಾನೆ.

ಹದಿನೈದು ದಿನದ ಹಿಂದೆ ನಾವು ದೆಹಲಿಯ ಮುನಿರ್ಕಾಗೆ ಹೋಗಿದ್ದೆವು. ನಮ್ಮೂರಿನವರ ಮಗಳೊಬ್ಬಳು ಅಲ್ಲಿ ರೂಮು ಮಾಡಿಕೊಂಡು ಓದುತ್ತಾಳೆ, ಅವಳಿಗೆ ಊರಿಂದ ಬಂದ ಚಟ್ನಿಪುಡಿ ತಲುಪಿಸಬೇಕಿತ್ತು. ಆ ಗಲ್ಲಿಗಳಲ್ಲಿ ಕಾರು ಹೋಗುವುದಿಲ್ಲ. ಚಂದ್ರು ಜಾಗ ಹುಡುಕಲು ಹೋದ, ನಾನು ಒಂದು ಜೆರಾಕ್ಸ್ ಅಂಗಡಿಯ ಮೆಟ್ಟಿಲ ಮೇಲೆ ಕೂತೆ. ಒಳಗೆ ಮಿಷನ್ನಿನ ಮುಂದೆ ನಿಂತು ಹಾಳೆ ಜೋಡಿಸುತ್ತಿದ್ದವಳು ಇಂಚರ. ಕೂದಲು ಕತ್ತರಿಸಿದ್ದಳು. ಓಡಿಹೋಗುತ್ತಾಳೆ ಎಂದುಕೊಂಡೆ. ಅವಳು ಒಂದು ಸ್ಟೂಲು ತಂದು ಹಾಕಿ, ಮೆಟ್ಟಿಲು ತಣ್ಣಗಿದೆ, ಇದರ ಮೇಲೆ ಕೂರು ಎಂದಳು.

ಓದುತ್ತಲೇ ಕೆಲಸ ಮಾಡುತ್ತೇನೆ ಎಂದಳು. ಅವಳ ಕನ್ನಡ ಈಗ ಚೆನ್ನಾಗಿದೆ. ಕೈ ಹೇಗಿದೆ ಎಂದು ಕೇಳಿದೆ. ಚಳಿಗೆ ನೋಯುತ್ತದೆ ಎಂದಳು. ಆ ಥರದ ಪುಸ್ತಕ ಈಗಲೂ ಓದುತ್ತೀಯಾ ಎಂದೆ, ಬೇರೆ ಏನು ಕೇಳಲೂ ತೋಚಲಿಲ್ಲ. ವಯಸ್ಸು ದಾಟಿತು ಎಂದಳು. ಹಾಳೆಗಳನ್ನು ಮೇಜಿಗೆ ಕುಟ್ಟಿ ಅಂಚು ಸರಿಮಾಡಿಕೊಂಡಳು. ಆಮೇಲೆ, ಮೊದಲು ಅನ್ನ ತಿನ್ನುತ್ತ ಹೇಳುತ್ತಿದ್ದ ಅದೇ ದನಿಯಲ್ಲಿ ಹೇಳಿದಳು.

"ಅವುಗಳಲ್ಲಿ ಒಂದು ದೊಡ್ಡ ತಪ್ಪಿತ್ತು ಅಜ್ಜಿ, ಆಗ ಗೊತ್ತಾಗಲಿಲ್ಲ. ಒಂದರಲ್ಲಾದ್ರೂ ಕೊಟ್ಟುಬಿಡೋ ಅಜ್ಜಿ ಇರಬೇಕಿತ್ತು. ಓದಿದ್ದಿದ್ರೆ ನಾನು ಬೇರೆ ಎಲ್ಲಾದ್ರೂ ಇಡ್ತಿದ್ದೆ."

ಕೋಪವಿರಲಿಲ್ಲ. ಪುಸ್ತಕದ ಬಗ್ಗೆ ಹೇಳಿದಳು, ಅಷ್ಟೇ. ಕ್ಷಮಿಸು ಎನ್ನುವ ಮಾತು ನನ್ನ ಬಾಯಿಯವರೆಗೆ ಬಂತು. ನಾನು ಹಾಗೆಂದರೆ ಅವಳು ಏನಾದರೊಂದು ಉತ್ತರ ಹೇಳಬೇಕಾಗುತ್ತದೆ. ಆ ಕೆಲಸವನ್ನೂ ಅವಳ ತಲೆಗೆ ಯಾಕೆ ಕಟ್ಟಲಿ ಎಂದು ನುಂಗಿಕೊಂಡೆ.

"ಇಲ್ಲಿ ನೋಡಿದೆ ಅಂತ ಅಪ್ಪಂಗೆ ಹೇಳ್ತೀಯಾ?"

"ಇಲ್ಲ."

"ನೋಡೋಣ," ಎಂದಳು, ಮಿಷನ್ನಿನ ಕಡೆ ತಿರುಗಿದಳು.

ಇವತ್ತು ಬೆಳಿಗ್ಗೆ ಮಹೇಶ ಬಂದಿದ್ದ. ತಲೆ ಪೂರ್ತಿ ಬೆಳ್ಳಗಾಗಿದೆ. ಮುನಿರ್ಕಾ ಕಡೆ ಅವಳನ್ನು ಯಾರೋ ಕಂಡರಂತೆ, ನೀವೂ ಆ ಕಡೆ ಹೋಗಿದ್ದಿರಂತೆ, ಕಣ್ಣಿಗೇನಾದರೂ ಬಿದ್ದಳೇ ಎಂದು ಕೇಳಿದ. ಚಂದ್ರು ಅಲ್ಲೇ ನಿಂತಿದ್ದ. ಬರುವ ಏಪ್ರಿಲ್‌ನಲ್ಲೂ ಅವನ ಕಾಗದ ಅದೇ ಕೈಯಿಂದ ಬರಬೇಕು. ಮೊಣಕಾಲು ನೀವಿಕೊಳ್ಳುತ್ತ, ಇಲ್ಲ, ಕಾಣಲಿಲ್ಲ ಎಂದೆ.

ಅವನು ತಲೆಯಾಡಿಸಿದ.

"ನೀವು ಹೇಳಿದ್ರೆ ಸರಿ ಅಮ್ಮಾ. ಈ ಸೊಸೈಟಿಯಲ್ಲಿ ನನಗೆ ಸುಳ್ಳು ಹೇಳದವರು ನೀವೊಬ್ರೇ."

ಈ ನಂಬಿಕೆ ಅವನಿಗೆ ಯಾವತ್ತು, ಹೇಗೆ ಬಂತೆಂದು ನಿಮಗೂ ಈಗ ಗೊತ್ತು. ಅಷ್ಟು ಕೆಟ್ಟ ಕೆಲಸದಿಂದ ಬಂದದ್ದು ಇವತ್ತು ಉಪಯೋಗಕ್ಕೆ ಬಿತ್ತು, ಆದರೆ ಅವಳ ಕೈ ಅದರಿಂದ ನೆಟ್ಟಗಾಗುವುದಿಲ್ಲ. ನಾನು ಇಲ್ಲ ಎಂದದ್ದು ಅವಳಿಗೆ ತಿಳಿಯುವುದೂ ಇಲ್ಲ, ನನ್ನ ಹತ್ತಿರ ಅವಳ ನಂಬರಿಲ್ಲ. ಟೀ ಮಾಡಿಕೊಟ್ಟೆ, ಕುಡಿದ. ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತ, ಏನಾದರೂ ನೆನಪಾದರೆ ಹೇಳಿ, ಬರುವ ಭಾನುವಾರ ಮತ್ತೆ ಬರುತ್ತೇನೆ ಎಂದ.

ಬರಲಿ.